ನೆಲಕ್ಕೆ ಕೂರುವ ಟ್ರೈಪಾಡ್: ನಾಲ್ಕು ವರ್ಷ ಬಳಸಿದ ಮೇಲೆ

ಮೊದಲು ತೂಕ ಹೇಳಿಬಿಡುತ್ತೇನೆ. ನನ್ನ ಕ್ಯಾಮೆರಾ ನಿಕಾನ್ ಡಿ850. ಬ್ಯಾಟರಿ, ಕಾರ್ಡು ಸೇರಿ ಸುಮಾರು ಒಂದು ಕೆ.ಜಿ. ಅದಕ್ಕೆ 200-500 ಮಿ.ಮೀ. ಜೂಮ್ ಲೆನ್ಸ್ ಹಾಕಿದರೆ ಇನ್ನೂ 2.3 ಕೆ.ಜಿ. ಟ್ರೈಪಾಡ್ ಇಷ್ಟನ್ನೂ ಹೊತ್ತು, ನೆಲದಿಂದ ಒಂದು ಗೇಣು ಎತ್ತರದಲ್ಲಿ ಅಲ್ಲಾಡದೆ ಕೂರಬೇಕು. ಮಡಚಿದರೆ ಬ್ಯಾಗಿನೊಳಗೆ ಹೋಗಬೇಕು, ಯಾಕೆಂದರೆ ನಾನು ಓಡಾಡುವುದು ಬೈಕಿನಲ್ಲಿ. ಬೇಕಾಗಿದ್ದು ಇಷ್ಟೇ. ಇಷ್ಟಕ್ಕೆ ಎರಡು ಸಲ ದುಡ್ಡು ಹಾಕಬೇಕಾಯಿತು.

ತುಮಕೂರಿನಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಭಾನುವಾರ ಬಾಗಿಲು ಹಾಕಿ ಕ್ಯಾಮೆರಾ ಎತ್ತಿಕೊಂಡು ಹೊರಡುತ್ತೇನೆ. ಮೊದಲ ಟ್ರೈಪಾಡಿನ ಹಣೆಬರಹ ಗೊತ್ತಾಗಿದ್ದು ದೇವರಾಯನದುರ್ಗದ ಬಂಡೆ ಮೇಲೆ. ಅಲ್ಲೊಂದು ಗಂಡು ಓತಿಕ್ಯಾತ ಬಣ್ಣ ಕಟ್ಟಿಕೊಂಡು ಕೂತಿತ್ತು. ಬೆನ್ನು ಕೆಂಪು, ಪಕ್ಕೆ ಅಚ್ಚ ಕಪ್ಪು. ಅದರ ಕಣ್ಣಿನ ಮಟ್ಟಕ್ಕೆ ಲೆನ್ಸ್ ಇಳಿಸೋಣ ಅಂತ ಕಾಲು ಅಗಲಿಸಿದೆ. ಮಧ್ಯದ ಕಂಬ ಹೋಗಿ ಬಂಡೆಗೆ ಕುಟ್ಟಿತು. ಅಲ್ಲಿಂದ ಕೆಳಗೆ ಇಳಿಯುವ ಮಾತೇ ಇಲ್ಲ. ಮೇಲಿನಿಂದ ತೆಗೆದ ಫೋಟೊದಲ್ಲಿ ಆ ಓತಿ ಬಂಡೆಗೆ ಅಂಟಿಸಿದ ಸ್ಟಿಕ್ಕರ್ ಥರ ಕಾಣುತ್ತಿತ್ತು. ಆಮೇಲೆ ಕೈಯಲ್ಲೇ ಹಿಡಿದು, ಬಂಡೆಗೆ ಎದೆ ಒತ್ತಿ ಮಲಗಿ ಒಂದು ತೆಗೆದೆ. ಸ್ವಲ್ಪ ಅಲುಗಾಡಿತ್ತು, ಆದರೆ ಹಿಂದೆ ಬೆಟ್ಟ ಮಂಜಾಗಿ, ಮುಂದೆ ಓತಿ ತಲೆಯೆತ್ತಿ, ರಾಜನ ಹಾಗೆ ಬಂತು. ಅವತ್ತೇ ನಿರ್ಧಾರ ಮಾಡಿದೆ, ಮಧ್ಯದ ಕಂಬ ಇರುವ ಟ್ರೈಪಾಡ್ ಇನ್ನು ಬೇಡ.

ಸ್ನೇಹಿತರೊಬ್ಬರ ಹತ್ತಿರ ಮ್ಯಾನ್‌ಫ್ರೊಟ್ಟೊ 055 ಇದೆ. ಅದರ ಕಂಬವನ್ನು ಅಡ್ಡ ಮಲಗಿಸಬಹುದು, ಹಾಗಾಗಿ 9 ಸೆಂ.ಮೀ. ತನಕ ಇಳಿಯುತ್ತದೆ. ನಿಂತು ತೆಗೆಯುವುದಕ್ಕೂ ಅದೇ, ಮಲಗಿ ತೆಗೆಯುವುದಕ್ಕೂ ಅದೇ. ಒಂದೇ ಟ್ರೈಪಾಡ್ ಸಾಕು ಅನ್ನುವವರು ಧಾರಾಳವಾಗಿ ನೋಡಬಹುದು. ನನಗೆ ಹೊಂದಲಿಲ್ಲ. ಮಡಚಿದರೂ 61 ಸೆಂ.ಮೀ. ಉದ್ದ, ಹೆಡ್ (ಕ್ಯಾಮೆರಾ ಕೂರಿಸಿ ತಿರುಗಿಸುವ ಮೇಲಿನ ಭಾಗ) ಇಲ್ಲದೆಯೇ ಎರಡೂವರೆ ಕೆ.ಜಿ. ಅಲ್ಲದೆ ಯಾವ ಕಂಪನಿಯದೇ ಆಗಲಿ, ಅಡ್ಡ ಚಾಚಿದ ಕಂಬದ ತುದಿಗೆ ಮೂರು ಕೆ.ಜಿ. ನೇತು ಹಾಕಿದರೆ ಭಾರವೆಲ್ಲ ಒಂದು ಪಕ್ಕಕ್ಕೆ ಹೋಗುತ್ತದೆ. ತಕ್ಕಡಿ ಹಿಡಿದವನಿಗೆ ಇದನ್ನು ಹೇಳಿಕೊಡಬೇಕಾ?

ಎರಡನೇ ಸಲ ಕೊಳ್ಳುವಾಗ ಬೆಂಗಳೂರಿಗೆ ಹೋದೆ. ಕ್ಯಾಮೆರಾ, ಲೆನ್ಸ್, ಟೇಪು, ಪೈಪಿನ ದಪ್ಪ ಅಳೆಯುವ ವರ್ನಿಯರ್ ನಾಲ್ಕನ್ನೂ ಚೀಲಕ್ಕೆ ಹಾಕಿಕೊಂಡೆ. ಅಂಗಡಿ ಹುಡುಗ ವರ್ನಿಯರ್ ನೋಡಿ ನಕ್ಕ. ನಗಲಿ ಬಿಡಿ. ಡಬ್ಬದ ಮೇಲೆ ‘15 ಕೆ.ಜಿ. ಹೊರುತ್ತದೆ’ ಅಂತ ಬರೆದಿರುತ್ತದಲ್ಲ, ಅದನ್ನು ನಂಬಿ ಕೊಳ್ಳಬೇಡಿ. ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತದೆ. ಆ ಅಂಕಿ ಹೇಳುವುದು ಮುರಿಯದೆ ನಿಲ್ಲುತ್ತದೆ ಅಂತ. ಅಲ್ಲಾಡದೆ ನಿಲ್ಲುತ್ತದಾ ಅನ್ನುವುದು ಬೇರೆ ಪ್ರಶ್ನೆ. ನೋಡಬೇಕಾಗಿದ್ದು ಕಾಲಿನ ಕೆಳಗಿನ ತುಂಡು ಎಷ್ಟು ದಪ್ಪ ಅಂತ. ನಾಲ್ಕೈದು ತುಂಡಿನ ಕಾಲು ಚಿಕ್ಕದಾಗಿ ಮಡಚಿಕೊಳ್ಳುತ್ತದೆ ನಿಜ, ಆದರೆ ಕೊನೇ ತುಂಡು ಪೆನ್ಸಿಲ್ ಗಾತ್ರಕ್ಕೆ ಬಂದಿರುತ್ತದೆ. ಪೈಪು ಸ್ವಲ್ಪ ದಪ್ಪಗಾದರೂ ಬಿಗಿ ಎಷ್ಟೋ ಪಟ್ಟು ಜಾಸ್ತಿ. ಗೋಡೆ ಅಷ್ಟೇ ಇದ್ದು ವ್ಯಾಸ ಎರಡು ಪಟ್ಟಾದರೆ ಬಾಗುವುದು ಹೆಚ್ಚುಕಡಿಮೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ಕೊನೆಗೆ ತಂದಿದ್ದು ಎರಡೇ ತುಂಡಿನ ಗಿಡ್ಡ ಕಾಲಿನ ಅಲ್ಯೂಮಿನಿಯಂ ಟ್ರೈಪಾಡ್. ಹೆಸರು ಹಾಕುತ್ತಿಲ್ಲ, ಇದೇ ಅಚ್ಚಿನ ಮಾಲು ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ. ಅಳತೆ ಬರೆದುಕೊಳ್ಳಿ, ಅದೇ ಮುಖ್ಯ. ಮೇಲಿನ ಪೈಪು 28 ಮಿ.ಮೀ., ಕೆಳಗಿನದು 24. ಮಡಚಿದರೆ 36 ಸೆಂ.ಮೀ. ಪೂರ್ತಿ ಎತ್ತಿದರೂ ನನ್ನ ತೊಡೆ ತನಕ ಮಾತ್ರ, 56 ಸೆಂ.ಮೀ. ಮಧ್ಯದ ಕಂಬ ಇಲ್ಲ. ಕಾಲು ಪೂರ್ತಿ ಅಗಲಿಸಿದರೆ 9 ಸೆಂ.ಮೀ. ತೂಕ 1.3 ಕೆ.ಜಿ. ಕೊಟ್ಟಿದ್ದು ಹನ್ನೊಂದೂವರೆ ಸಾವಿರ, ಹೆಡ್ ಬೇರೆ. ಹಗುರವಾದ ಕಾರ್ಬನ್ ಫೈಬರಿನದು ಯಾಕೆ ತಗೊಂಡಿಲ್ಲ ಅಂತ ಕೇಳುತ್ತಾರೆ. ಉದ್ದ ಕಾಲಿಗಾದರೆ ಕಾರ್ಬನ್ ಸರಿ. ಇಷ್ಟು ಗಿಡ್ಡ ಕಾಲಿನಲ್ಲಿ ಉಳಿಯುವುದು ಒಂದು ಲೋಟ ನೀರಿನ ತೂಕ. ಅದಕ್ಕೆ ಎರಡರಷ್ಟು ದುಡ್ಡು ಕೊಡಲು ನನ್ನ ಕೈ ಬರಲಿಲ್ಲ.

ಮನೆಗೆ ತಂದ ಮೇಲೂ ಒಂದು ಏಟು ತಿಂದೆ. 9 ಸೆಂ.ಮೀ. ಅನ್ನುವುದು ಹೆಡ್ ಬಿಟ್ಟು ಹೇಳುವ ಲೆಕ್ಕ. ನನ್ನ ಬಾಲ್ ಹೆಡ್ಡೇ ಒಂಬತ್ತೂವರೆ ಸೆಂ.ಮೀ. ಎತ್ತರ. ಅದರ ಮೇಲೆ ಕ್ಯಾಮೆರಾದ ತಳಕ್ಕೆ ಬಿಗಿಯುವ ಪ್ಲೇಟು, ಕ್ಯಾಮೆರಾ. ಲೆನ್ಸಿನ ಮಧ್ಯಕ್ಕೆ ಬರುವಾಗ 24 ಸೆಂ.ಮೀ. ಆಗಿತ್ತು. ನಾಮದ ಚಿಲುಮೆ ಹತ್ತಿರ ಮಳೆ ಬಿದ್ದ ಮಾರನೇ ದಿನ ಎದ್ದ ಬೆರಳುದ್ದದ ಅಣಬೆಗೆ ಅದು ಮಹಡಿ ಮೇಲಿನಿಂದ ಇಣುಕಿದ ಹಾಗೆ. ಆಮೇಲೆ ದಾರಿ ಸಿಕ್ಕಿತು. ಬಾಲ್ ಹೆಡ್ ಕಳಚಿಟ್ಟು, ಪ್ಲೇಟು ಹಿಡಿಯುವ ಕ್ಲಾಂಪನ್ನು ಮಾತ್ರ 3/8 ಇಂಚಿನ ಬೋಲ್ಟಿಗೆ ನೇರ ಬಿಗಿದೆ. ಅದರ ಎತ್ತರ ಎರಡು ಸೆಂ.ಮೀ. ಅಷ್ಟೇ. ಒಂದೇ ಏಟಿಗೆ ಏಳೂವರೆ ಸೆಂ.ಮೀ. ಕೆಳಗೆ ಬಂದೆ. ಮಟ್ಟ ಮಾಡುವುದಕ್ಕೆ ಕಾಲು ಉದ್ದ ಗಿಡ್ಡ ಮಾಡಿ ಒದ್ದಾಡಬೇಕು, ಆದರೆ ಅಣಬೆ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ. ಡಿ850ರ ಸ್ಕ್ರೀನ್ ಮೇಲಕ್ಕೆ ಮಡಚುತ್ತದೆ, ಹಾಗಾಗಿ ಕೆಸರಿನಲ್ಲಿ ಕೆನ್ನೆ ಇಡಬೇಕಾಗಿಲ್ಲ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ತೆಗೆಯುವವರು ಎಲ್ ಆಕಾರದ ಪ್ಲೇಟು ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಭಾರ ಪಕ್ಕಕ್ಕೆ ಜೋತು ಮೆಲ್ಲಗೆ ವಾಲುತ್ತದೆ.

ಮೈದನಹಳ್ಳಿ ಕಡೆಗೆ ವರ್ಷಕ್ಕೆ ನಾಲ್ಕೈದು ಸಲ ಹೋಗುತ್ತೇನೆ. ಮಧುಗಿರಿ ತಾಲ್ಲೂಕಿನ ಆ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ಇವೆ. ಅಂಚಿನ ಬದುವಿನ ಹಿಂದೆ ಮಲಗಿ, ಟ್ರೈಪಾಡನ್ನು ಹುಲ್ಲಿನ ಮಟ್ಟಕ್ಕೆ ಇಳಿಸಿದರೆ ಗಂಡಿನ ಕೊಂಬು ಆಕಾಶಕ್ಕೆ ಎದ್ದು ನಿಲ್ಲುತ್ತದೆ. ಅಲ್ಲಿ ಗಾಳಿ ಜೋರು. ಎತ್ತರದ ಟ್ರೈಪಾಡ್ ಇಟ್ಟವರು ಕೆಳಗೆ ಬ್ಯಾಗು ನೇತು ಹಾಕಿಕೊಂಡು ಪರದಾಡುವುದನ್ನು ನೋಡಿದ್ದೇನೆ. ಇದು ಏಡಿಯ ಹಾಗೆ ಅಗಲಕ್ಕೆ ಕೂತಿರುತ್ತದೆ, ಕದಲುವುದಿಲ್ಲ. 500ಕ್ಕೆ ಜೂಮ್ ಮಾಡಿ, ಲೆನ್ಸಿಗೆ ಬೆರಳಿನಿಂದ ಟಕ್ ಅಂತ ಬಡಿದು ಸ್ಕ್ರೀನ್ ನೋಡಿ. ನನ್ನದರಲ್ಲಿ ‘ಒಂದು’ ಅಂತ ಎಣಿಸುವಷ್ಟರಲ್ಲಿ ಚಿತ್ರ ನಿಂತಿರುತ್ತದೆ. ಹಳೆಯದರಲ್ಲಿ ನಾಲ್ಕರ ತನಕ ಎಣಿಸುತ್ತಿದ್ದೆ.

ಆದರೂ ಮೊದಲ ವರ್ಷ ಅಲ್ಲಿಂದ ತಂದ ಫೋಟೊಗಳಲ್ಲಿ ಅರ್ಧಕ್ಕರ್ಧ ಮಸುಕು. ಟ್ರೈಪಾಡನ್ನೇ ಬೈದುಕೊಂಡೆ. ತಪ್ಪು ಅದರದ್ದಲ್ಲ, ಬಿಸಿಲ ಝಳದ್ದು. ನೆಲ ಕಾದ ಮೇಲೆ ಅದಕ್ಕೆ ತಾಗಿಕೊಂಡ ಗಾಳಿ ಕುದಿಯುವ ನೀರಿನ ಹಾಗೆ ಕುಣಿಯುತ್ತದೆ. ನಾವು ಕೆಳಗೆ ಇಳಿದಷ್ಟೂ ಅದರೊಳಗಿಂದಲೇ ನೋಡುತ್ತಿರುತ್ತೇವೆ. ಈಗ ಬೆಳಿಗ್ಗೆ ಎಂಟೂವರೆಗೆ ಗಂಟು ಕಟ್ಟಿ, ಮಧುಗಿರಿಯಲ್ಲಿ ಇಡ್ಲಿ ತಿಂದು ವಾಪಸ್.

ಕಗ್ಗಲಡುವಿಗೆ ಮಾತ್ರ ಇದನ್ನು ತಗೊಂಡು ಹೋಗಬೇಡಿ. ಶಿರಾ ತಾಲ್ಲೂಕಿನ ಆ ಊರಿನಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಹುಣಸೆ ಮರದ ತುದಿಯಲ್ಲಿ. ತೊಡೆ ಎತ್ತರದ ಟ್ರೈಪಾಡ್ ಇಟ್ಟು ಕತ್ತು ನೋಯಿಸಿಕೊಂಡಿದ್ದಷ್ಟೇ ಬಂತು.

ದೂರುಗಳೂ ಇವೆ. ಕಾಲು ಅಗಲಿಸುವ ಕಡೆ ಎಳೆದು ಬಿಡುವ ಒಂದು ಕೊಕ್ಕೆ ಇದೆ. ಸ್ಪ್ರಿಂಗ್ ತೆಳು. ಧೂಳು ಕೂತರೆ ಪೂರ್ತಿ ಒಳಗೆ ಹೋಗಿರುವುದಿಲ್ಲ, ಹೋದ ಹಾಗೆ ಕಾಣುತ್ತದೆ. ಎರಡನೇ ವರ್ಷ ಸಿದ್ದರಬೆಟ್ಟದಲ್ಲಿ ಹಾಗೇ ಆಗಿ, ಒಂದು ಕಾಲು ಸರಕ್ಕನೆ ಜಾರಿ ಲೆನ್ಸ್ ಮೂಗು ಕುಟ್ಟಿಕೊಂಡಿತು. ಲೆನ್ಸ್ ತುದಿಯ ಹುಡ್ ಸೀಳಿತು, ಗಾಜು ಉಳಿಯಿತು. ಗ್ಯಾರಂಟಿ ಕೇಳಿದರೆ ‘ಬಳಸಿದವರ ತಪ್ಪು’ ಅಂತ ಒಂದು ಸಾಲಿನ ಉತ್ತರ. ಸ್ಪ್ರಿಂಗನ್ನು ನಮ್ಮ ಅಂಗಡಿಯ ಡಬ್ಬದಲ್ಲೇ ಹುಡುಕಿ ಬದಲಾಯಿಸಿದೆ. ಆಮೇಲಿಂದ ಕೊಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ, ಕಿವಿಗೊಟ್ಟು ‘ಕ್ಲಿಕ್’ ಕೇಳಿದ ಮೇಲೆಯೇ ಕ್ಯಾಮೆರಾ ಹತ್ತಿಸುವುದು.

ತಿರುಗಿಸಿ ಬಿಗಿಯುವ ಲಾಕಿನೊಳಗೆ ಕೆಮ್ಮಣ್ಣು ಸೇರುತ್ತದೆ. ಮೂರು ತಿಂಗಳಿಗೊಮ್ಮೆ ಬಿಚ್ಚಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಸ್ವಲ್ಪ ಗ್ರೀಸ್ ಸವರುತ್ತೇನೆ. ಕೊಬ್ಬರಿ ಎಣ್ಣೆ ಹಾಕಲು ಹೋಗಬೇಡಿ, ಮರಳು ಅಂಟಿಕೊಂಡು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಕೆರೆ ಅಂಚಿನಲ್ಲಿ ಇಡುವಾಗ ಕೆಳಗಿನ ತುಂಡನ್ನು ಪೂರ್ತಿ ಎಳೆದಿಡಿ, ಲಾಕು ಕೆಸರಿನಿಂದ ಮೇಲಿರುತ್ತದೆ.

9 ಸೆಂ.ಮೀ.ಗಿಂತಲೂ ಕೆಳಗೆ ಬೇಕಾದರೆ? ಇರುವೆ ಸಾಲಿಗೆ ಬೇಕಾಗುತ್ತದೆ. ಆಗ ಟ್ರೈಪಾಡ್ ಬೈಕಿನಲ್ಲೇ ಇರುತ್ತದೆ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಎರಡು ಕೆ.ಜಿ. ರಾಗಿ ತುಂಬಿ ಹೊಲಿಸಿಟ್ಟುಕೊಂಡಿದ್ದೇನೆ. ಲೆನ್ಸ್ ಅದರಲ್ಲಿ ಹೂತುಕೊಂಡು ಗಟ್ಟಿಯಾಗಿ ಕೂರುತ್ತದೆ. ಹೋದ ಮಳೆಗಾಲದಲ್ಲಿ ನೆನೆದ ಚೀಲವನ್ನು ಮರೆತು ಅಟ್ಟದ ಮೇಲೆ ಇಟ್ಟಿದ್ದೆ. ಮೂರನೇ ದಿನ ಅಮ್ಮ ಇಳಿಸಿ ನೋಡಿದರೆ ಹೊಲಿಗೆಯ ಸಂದಿಯಲ್ಲೆಲ್ಲ ಬಿಳೀ ಮೊಳಕೆ. “ರಾಗಿ ಮಾಲ್ಟಿಗೆ ಮೊಳಕೆ ಕಟ್ಟೋಕೆ ಹೇಳಿದ್ರೆ ನಾನೇ ಕಟ್ತಿರ್ಲಿಲ್ವೇನೋ?” ಅಂದರು. ಈಗ ರಾಗಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಅದನ್ನು ಪ್ಯಾಂಟಿನ ಕಾಲಿಗೆ ತುಂಬುತ್ತೇನೆ.