ಕಂಟೇನರ್ ಗುಡಿಸುವ ಪೊರಕೆ: ಪ್ರೂನ್, ಶೆಲ್, ಪೈಥಾನ್, ಗೋ ನಾಲ್ಕನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಾನು ಈಗ ದಿನಾ ಬಳಸುತ್ತಿರುವುದು ಗೋ ಭಾಷೆಯಲ್ಲಿ ಬರೆದುಕೊಂಡ ಪುಟ್ಟ ಟೂಲ್. ಅದಕ್ಕೆ ‘ಗುಡಿಸು’ ಅಂತ ಹೆಸರಿಟ್ಟಿದ್ದೇನೆ. ಬೇಡವಾದ ಡಾಕರ್ ಕಂಟೇನರ್‌ಗಳನ್ನು (ಪ್ರೋಗ್ರಾಂಗಳನ್ನು ಒಂದಕ್ಕೊಂದು ತಾಗದ ಹಾಗೆ ಓಡಿಸಲು ಡಾಕರ್ ಮಾಡಿಕೊಡುವ ಡಬ್ಬಿಗಳು) ತೆಗೆದುಹಾಕುವುದಷ್ಟೇ ಅದರ ಕೆಲಸ. ಅದಕ್ಕೂ ಮುಂಚೆ ಇದೇ ಕೆಲಸಕ್ಕೆ ಒಂದು ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಇತ್ತು, ಆಮೇಲೆ ಪೈಥಾನ್‌ನಲ್ಲಿ ಒಂದು ಬರೆದೆ. ಡಾಕರ್ ಜೊತೆಗೇ ಬರುವ ‘ಪ್ರೂನ್’ ಕಮಾಂಡ್ ಅಂತೂ ಇದ್ದೇ ಇದೆ. ಶೆಲ್ ಸ್ಕ್ರಿಪ್ಟ್‌ನಿಂದ ಕೈ ಸುಟ್ಟುಕೊಂಡವನ ಹೋಲಿಕೆ ಇದು, ಹಾಗಾಗಿ ಪೂರ್ತಿ ನಿಷ್ಪಕ್ಷಪಾತ ಅಂತ ಹೇಳಲಾರೆ.

ಇರುವ ಪ್ರೂನ್ ಬಿಟ್ಟು ಹೊಸದು ಯಾಕೆ ಬೇಕಿತ್ತು ಅಂತ ಕೇಳಬಹುದು. ‘ಡಾಕರ್ ಕಂಟೇನರ್ ಪ್ರೂನ್’ 2017ರಲ್ಲಿ ಬಂದ 1.13 ಆವೃತ್ತಿಯಿಂದ ಇದೆ. ನಿಂತಿರುವ ಕಂಟೇನರ್‌ಗಳನ್ನೆಲ್ಲ ಒಂದೇ ಏಟಿಗೆ ತೆಗೆಯುತ್ತದೆ, ಓಡುತ್ತಿರುವುದನ್ನು ಮುಟ್ಟುವುದಿಲ್ಲ. ತುಂಬಾ ಜನಕ್ಕೆ ಇಷ್ಟು ಸಾಕು, ನಿಜ. ನನಗೆ ಸಾಕಾಗಲಿಲ್ಲ. ‘ನಿಂತಿರುವುದನ್ನೆಲ್ಲ ತೆಗೆಯಲಾ?’ ಅಂತ ಅದು ಕೇಳುತ್ತದೆ, ಆದರೆ ಯಾವ್ಯಾವುದು ಅಂತ ತೋರಿಸುವುದಿಲ್ಲ. ಇನ್ನೊಂದು, ‘ಅನ್‌ಟಿಲ್=24ಎಚ್’ ಅಂತ ಫಿಲ್ಟರ್ ಕೊಟ್ಟರೆ ಅದು ಲೆಕ್ಕ ಹಾಕುವುದು ಕಂಟೇನರ್ ಹುಟ್ಟಿದ ಹೊತ್ತಿನಿಂದ, ನಿಂತ ಹೊತ್ತಿನಿಂದ ಅಲ್ಲ. ಒಂದು ತಿಂಗಳು ಓಡಿ ಐದು ನಿಮಿಷದ ಹಿಂದೆ ಬಿದ್ದುಹೋದ ಕಂಟೇನರ್ ಕೂಡ ಅದರ ಲೆಕ್ಕದಲ್ಲಿ ಹಳೆಯದೇ. ಯಾಕೆ ಬಿತ್ತು ಅಂತ ಲಾಗ್ (ಓಡುವಾಗ ಬರೆದಿಟ್ಟ ದಾಖಲೆ) ನೋಡಲು ಹೋದರೆ ಕಂಟೇನರ್ ಜೊತೆ ಲಾಗೂ ಹೋಗಿರುತ್ತದೆ.

ಅದಕ್ಕೇ ಶೆಲ್ ಸ್ಕ್ರಿಪ್ಟ್ ಬರೆದೆ. ಕಂಟೇನರ್ ಪಟ್ಟಿ ಕೊಡುವ ‘ಡಾಕರ್ ಪಿಎಸ್’ನಿಂದ ಐಡಿಗಳನ್ನು ತೆಗೆದುಕೊಂಡು ಅಳಿಸುವ ‘ಡಾಕರ್ ಆರ್‌ಎಂ’ ಕೈಗೆ ಕೊಡುವುದು, ಅಷ್ಟೇ. ಅರ್ಧ ಗಂಟೆಯ ಕೆಲಸ. ಸಣ್ಣಪುಟ್ಟ ತರಲೆ ಇತ್ತು. ತೆಗೆಯಲು ಏನೂ ಇಲ್ಲದ ದಿನ ‘ಕನಿಷ್ಠ ಒಂದು ಹೆಸರಾದರೂ ಕೊಡು’ ಅಂತ ಎರರ್ ಬರುತ್ತಿತ್ತು. ಐಡಿಗಳನ್ನು ‘ಎಕ್ಸ್‌ಆರ್ಗ್ಸ್’ (ಒಂದು ಕಮಾಂಡ್ ಕೊಟ್ಟದ್ದನ್ನು ಇನ್ನೊಂದಕ್ಕೆ ದಾಟಿಸುವ ಕಮಾಂಡ್) ಮೂಲಕ ಕಳಿಸಿದರೆ, ಪಟ್ಟಿ ಖಾಲಿ ಇದ್ದಾಗ ಸುಮ್ಮನಿರಲು ಲಿನಕ್ಸ್‌ನಲ್ಲಿ ಅದಕ್ಕೆ ‘-ಆರ್’ ಹಾಕಬೇಕು. ಇದನ್ನೆಲ್ಲ ಸಹಿಸಿಕೊಳ್ಳಬಹುದು.

ಸಹಿಸಿಕೊಳ್ಳಲು ಆಗದ್ದು ಹೆಸರಿನ ಫಿಲ್ಟರ್. ನಾನು ಪ್ರಯೋಗಕ್ಕೆ ಶುರು ಮಾಡುವ ಕಂಟೇನರ್‌ಗಳಿಗೆ ಟೆಸ್ಟ್-1, ಟೆಸ್ಟ್-2 ಅಂತಲೇ ಹೆಸರಿಡುತ್ತಿದ್ದೆ. ಸ್ಕ್ರಿಪ್ಟ್‌ನಲ್ಲಿ ‘ನೇಮ್=ಟೆಸ್ಟ್’ ಅಂತ ಬರೆದಿದ್ದೆ. ಅವುಗಳಲ್ಲಿ ಕೆಲವು ಇನ್ನೂ ಓಡುತ್ತಿರುತ್ತವೆ, ಅದಕ್ಕೆ ಓಡುತ್ತಿದ್ದರೂ ಬಲವಂತವಾಗಿ ತೆಗೆಯುವ ‘-ಎಫ್’ ಸೇರಿಸಿದ್ದೆ. ಡಿಸ್ಕ್ ಜಾಗವೂ ಖಾಲಿಯಾಗಲಿ ಅಂತ ‘-ವಿ’ ಕೂಡ ಹಾಕಿದ್ದೆ. ತಿಂಗಳುಗಟ್ಟಲೆ ಚೆನ್ನಾಗಿಯೇ ನಡೆಯಿತು.

ಒಂದು ದಿನ ಹೊಸ ಡೇಟಾಬೇಸ್ ಕಂಟೇನರ್‌ಗೆ ‘ಲೇಟೆಸ್ಟ್-ಡಿಬಿ’ ಅಂತ ಹೆಸರಿಟ್ಟೆ. ಇನ್ನೊಮ್ಮೆ ಓದಿ. ಲೇ-ಟೆಸ್ಟ್. ಆ ಫಿಲ್ಟರ್ ಪೂರ್ತಿ ಹೆಸರನ್ನು ನೋಡುವುದಿಲ್ಲ. ಕೊಟ್ಟ ಪದ ಹೆಸರಿನ ಯಾವ ಮೂಲೆಯಲ್ಲಿದ್ದರೂ ಸರಿ ಅನ್ನುತ್ತದೆ. ವಾರದ ಕೊನೆಗೆ ಎಂದಿನಂತೆ ಸ್ಕ್ರಿಪ್ಟ್ ಓಡಿಸಿದೆ. ‘-ಎಫ್’ ಇದ್ದುದರಿಂದ ಓಡುತ್ತಿದ್ದ ಡೇಟಾಬೇಸ್‌ಗೆ ನೇರವಾಗಿ ಸಿಗ್‌ಕಿಲ್ (ತಕ್ಷಣ ಕೊಲ್ಲುವ ಸಂಕೇತ) ಹೋಯಿತು. ‘ಡಾಕರ್ ಸ್ಟಾಪ್’ ಆಗಿದ್ದರೆ ಮೊದಲು ಸಿಗ್‌ಟರ್ಮ್ (ಮುಗಿಸಿಕೊಂಡು ನಿಲ್ಲು ಅನ್ನುವ ಸಂಕೇತ) ಕಳಿಸಿ, ಮಾಮೂಲಿಯಾಗಿ 10 ಸೆಕೆಂಡ್ ಕಾದು, ಆಮೇಲೆ ಕೊಲ್ಲುತ್ತಿತ್ತು. ಇಲ್ಲಿ ಆ ಮರ್ಯಾದೆಯೂ ಇಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ‘-ವಿ’. ಡೇಟಾಬೇಸ್ ಶುರು ಮಾಡುವಾಗ ಸೋಮಾರಿತನದಿಂದ ವಾಲ್ಯೂಮ್‌ಗೆ (ಕಂಟೇನರ್‌ನ ಡೇಟಾ ಇಡುವ ಜಾಗಕ್ಕೆ) ಹೆಸರು ಕೊಟ್ಟಿರಲಿಲ್ಲ. ಹಾಗೆ ಬಿಟ್ಟರೆ ಇಮೇಜ್ (ಕಂಟೇನರ್ ತಯಾರಾಗುವ ಅಚ್ಚು) ತಾನೇ ಒಂದು ಹೆಸರಿಲ್ಲದ ವಾಲ್ಯೂಮ್ ಮಾಡಿಕೊಳ್ಳುತ್ತದೆ. ‘-ವಿ’ ಅಳಿಸುವುದು ಅಂಥವನ್ನೇ. ಹೆಸರಿರುವ ವಾಲ್ಯೂಮ್ ಆಗಿದ್ದರೆ ಅದನ್ನು ಮುಟ್ಟುತ್ತಿರಲಿಲ್ಲ. ಒಂದು ವಾರ ಕೂತು ಕೈಯಲ್ಲೇ ತಿದ್ದಿದ ಡೇಟಾ ಹೋಯಿತು. ಸ್ಕ್ರೀನಿನ ಮೇಲೆ ಬಂದದ್ದು ಹನ್ನೆರಡು ಅಕ್ಷರದ ಐಡಿಗಳು ಮಾತ್ರ. ಯಾವ ಐಡಿ ಯಾರದ್ದು ಅಂತ ಯಾರು ನೋಡುತ್ತಾರೆ? ಅರ್ಧ ಗಂಟೆ ಬಿಟ್ಟು ಡೇಟಾಬೇಸ್ ಸಿಗುತ್ತಿಲ್ಲ ಅಂತ ಆ್ಯಪ್ ಕೂಗಿಕೊಂಡಾಗಲೇ ನನಗೆ ಗೊತ್ತಾಗಿದ್ದು.

ತಪ್ಪು ನನ್ನದೇ. ಹೆಸರಿನ ಒಂದು ಭಾಗ ಹೊಂದಿದರೂ ಸಾಕು ಅಂತ ಡಾಕ್ಯುಮೆಂಟೇಶನ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ. ಫಿಲ್ಟರ್‌ನ ಮುಂದೆ ಒಂದು ‘^’ ಹಾಕಿದರೆ ಹೆಸರಿನ ಶುರುವಿನಿಂದಲೇ ಹೋಲಿಸುತ್ತದೆ. ಹಾಕಿದೆ. ಆದರೆ ಅಷ್ಟಕ್ಕೆ ಹೆದರಿಕೆ ಹೋಗಲಿಲ್ಲ. ಮೊದಲು ಪಟ್ಟಿ ತೋರಿಸಲಿ, ಆಮೇಲೆ ಕೇಳಲಿ, ಕೆಲವು ಹೆಸರುಗಳನ್ನು ಎಂದೂ ಮುಟ್ಟದಿರಲಿ, ನಿಂತು ಎಷ್ಟು ಹೊತ್ತಾಯಿತು ಅಂತ ಲೆಕ್ಕ ಹಾಕಲಿ ಅಂತ ಒಂದೊಂದಾಗಿ ಸೇರಿಸುತ್ತಾ ಹೋದೆ. ದಿನಾಂಕದ ಲೆಕ್ಕಕ್ಕೆ ಬಂದಾಗ ಸಾಕಾಗಿಹೋಯಿತು. ಲಿನಕ್ಸ್‌ನ ‘ಡೇಟ್’ ಒಂದು ಥರ, ಮ್ಯಾಕ್‌ನ ‘ಡೇಟ್’ ಇನ್ನೊಂದು ಥರ. ಎರಡು ವಾರದಲ್ಲಿ ನನ್ನ ಸ್ಕ್ರಿಪ್ಟ್ ನನಗೇ ಓದಲು ಬರದ ಹಾಗೆ ಆಯಿತು. ಅಳಿಸುವುದಕ್ಕೆ ಒಂದು ಸಾಲು ಸಾಕು. ಯಾವುದನ್ನು ಅಳಿಸಬೇಕು ಅಂತ ತೀರ್ಮಾನ ಮಾಡುವುದಕ್ಕೆ ನೂರು ಸಾಲು ಬೇಕು, ಆ ನೂರು ಸಾಲಿಗೆ ಶೆಲ್ ಸರಿಯಾದ ಜಾಗ ಅಲ್ಲ.

ಪೈಥಾನ್ ಆವೃತ್ತಿ ಒಂದೇ ಸಂಜೆಯಲ್ಲಿ ಮುಗಿಯಿತು. ‘ಡಾಕರ್’ ಅನ್ನುವ ಲೈಬ್ರರಿ ಇದೆ. ಅದರಿಂದ ಪಟ್ಟಿ ತರಿಸಿಕೊಂಡು, ಒಂದೊಂದನ್ನೂ ನೋಡಿ, ಬೇಡದ್ದನ್ನು ತೆಗೆದರೆ ಆಯಿತು. ಬರೆಯುವ ಖುಷಿಗೆ ಮಾರ್ಕ್ಸ್ ಕೊಡುವುದಾದರೆ ಇದಕ್ಕೇ ಜಾಸ್ತಿ. ಒಂದು ಕಡೆ ಮಾತ್ರ ಎಡವಿದೆ. ಪಟ್ಟಿ ಬಂದ ಮೇಲೆ ಲೈಬ್ರರಿ ಒಂದೊಂದು ಕಂಟೇನರ್‌ನ ವಿವರವನ್ನೂ ಬೇರೆಯಾಗಿ ಕೇಳುತ್ತದೆ. ‘--ಆರ್‌ಎಂ’ ಹಾಕಿ ಶುರು ಮಾಡಿದವು ಕೆಲಸ ಮುಗಿದ ತಕ್ಷಣ ತಾವೇ ಅಳಿದುಹೋಗುತ್ತವೆ, ಅಲ್ವಾ? ಅಂಥದ್ದೊಂದು ಸರಿಯಾಗಿ ಆ ನಡುವೆ ಮಾಯವಾದರೆ ‘ನಾಟ್ ಫೌಂಡ್’ ಅಂತ ಇಡೀ ಟೂಲ್ ಕೆಳಗೆ ಬೀಳುತ್ತದೆ. ‘ಇಗ್ನೋರ್_ರಿಮೂವ್ಡ್’ ಅನ್ನುವ ಆಯ್ಕೆಯನ್ನು ಟ್ರೂ ಮಾಡಿದ ಮೇಲೆ ಸರಿಹೋಯಿತು.

ಆದರೆ ನಾನು ಒಂದೇ ಮೆಷಿನ್‌ನಲ್ಲಿ ಕೂರುವವನಲ್ಲ. ಒಂದು ಲ್ಯಾಪ್‌ಟಾಪ್, ಎರಡು ಸರ್ವರ್, ಜೊತೆಗೆ ಒಂದು ಪುಟ್ಟ ಆರ್ಮ್ ಬೋರ್ಡ್ (ಬೇರೆ ಬಗೆಯ ಪ್ರೊಸೆಸರ್ ಇರುವ ಕಂಪ್ಯೂಟರ್). ಡೆಬಿಯನ್ 12 ಲಿನಕ್ಸ್‌ನಲ್ಲಿ ಲೈಬ್ರರಿ ಹಾಕಿಕೊಳ್ಳಲು ಸುಮ್ನೆ ‘ಪಿಪ್ ಇನ್‌ಸ್ಟಾಲ್’ ಅಂದರೆ ಅದು ಒಪ್ಪುವುದಿಲ್ಲ. ಸಿಸ್ಟಂನ ಪೈಥಾನ್ ಕೆಡಬಾರದು ಅನ್ನುವ ಒಳ್ಳೆಯ ಉದ್ದೇಶವೇ. ವರ್ಚುವಲ್ ಎನ್ವಿರಾನ್‌ಮೆಂಟ್ (ಟೂಲ್‌ಗೆ ಅಂತಲೇ ಬೇರೆ ಪೈಥಾನ್ ಜಾಗ) ಮಾಡಿಕೊಳ್ಳಬೇಕು. ಎಲ್ಲ ಕಡೆ ಮಾಡಿದೆ, ಎಲ್ಲ ಕಡೆ ಅಪ್‌ಡೇಟ್ ಮಾಡಿದೆ, ಒಂದು ಕಡೆ ಮರೆತೆ. ಎಪ್ಪತ್ತು ಸಾಲಿನ ಟೂಲ್‌ಗೆ ಇಷ್ಟು ದೊಡ್ಡ ಸಂಸಾರ ಯಾಕೆ ಅನ್ನಿಸಿತು.

ಕೊನೆಗೆ ಗೋ. ಡಾಕರ್ ಅನ್ನೇ ಗೋದಲ್ಲಿ ಬರೆದಿರುವುದರಿಂದ ಅದರ ಕ್ಲೈಂಟ್ ಲೈಬ್ರರಿ ಸಿದ್ಧವಾಗಿಯೇ ಇದೆ. ಆದರೂ ನನಗೆ ಎರಡು ವಾರಾಂತ್ಯ ಹಿಡಿಯಿತು. ಫಿಲ್ಟರ್ ಬೇಡವೇ ಬೇಡ, ಹೆಸರನ್ನು ನಾನೇ ಪೂರ್ತಿ ಹೋಲಿಸಿ ನೋಡುತ್ತೇನೆ ಅಂತ ಹೊರಟೆ. ಮೊದಲ ಸಲ ಓಡಿಸಿದಾಗ ಒಂದು ಕಂಟೇನರ್ ಕೂಡ ಸಿಗಲಿಲ್ಲ. ಕಣ್ಣೆದುರೇ ಟೆಸ್ಟ್-1 ಓಡುತ್ತಿದೆ, ಟೂಲ್ ಮಾತ್ರ ಸೊನ್ನೆ ಅನ್ನುತ್ತಿದೆ. ಡಾಕರ್ ಎಪಿಐ (ಪ್ರೋಗ್ರಾಂಗಳು ಡಾಕರ್ ಜೊತೆ ಮಾತಾಡುವ ದಾರಿ) ಹೆಸರಿನ ಮುಂದೆ ಒಂದು ಓರೆಗೆರೆ ಸೇರಿಸಿ ಕೊಡುತ್ತದೆ, ‘/ಟೆಸ್ಟ್-1’ ಅಂತ. ಪೈಥಾನ್ ಲೈಬ್ರರಿ ಅದನ್ನು ತಾನೇ ಕಿತ್ತು ಕೊಡುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ. ಆಗ ಅಳಿಸಬಾರದ್ದನ್ನೂ ಅಳಿಸಿದ್ದೆ, ಈಗ ಅಳಿಸಬೇಕಾದದ್ದೂ ಅಳಿಯುತ್ತಿಲ್ಲ.

ಇನ್ನೊಂದು ತಮಾಷೆ. ನಿಂತ ಸಮಯ ನೋಡಲು ‘ಫಿನಿಶ್ಡ್‌ಆ್ಯಟ್’ ಅನ್ನುವ ಕಡೆ ನೋಡಬೇಕು. ಸೃಷ್ಟಿಯಾಗಿ ಒಮ್ಮೆಯೂ ಶುರುವಾಗದ ಕಂಟೇನರ್‌ಗೆ ಅಲ್ಲಿ ಕ್ರಿಸ್ತಶಕ 1ನೇ ಇಸವಿಯ ಜನವರಿ 1 ಅಂತ ಇರುತ್ತದೆ. ನನ್ನ ಟೂಲ್ ಅದನ್ನು ಎರಡು ಸಾವಿರ ವರ್ಷ ಹಳೆಯದು ಅಂತ ಮೊದಲು ಗುಡಿಸಲು ಹೊರಟಿತ್ತು. ಅಷ್ಟು ಹೊತ್ತಿಗೆ ನಾನು ಪಟ್ಟಿ ನೋಡದೆ ಏನನ್ನೂ ಅಳಿಸದವನಾಗಿದ್ದೆ, ಬಚಾವಾದೆ.

ಹಳೆಯ ಡಾಕರ್ ಇರುವ ಸರ್ವರ್‌ನಲ್ಲಿ ‘ಕ್ಲೈಂಟ್ ಆವೃತ್ತಿ ತೀರಾ ಹೊಸದು’ ಅಂತ ಎರರ್ ಬಂದರೆ, ಎಪಿಐ ಆವೃತ್ತಿ ಹೊಂದಿಸಿಕೊಳ್ಳುವ ಆಯ್ಕೆ ಕೊಟ್ಟರೆ ಸಾಕು. ಒಂದೇ ಸಾಲು.

ಇಷ್ಟೆಲ್ಲ ಆದಮೇಲೂ ಗೋ ಯಾಕೆ ಇಷ್ಟ ಅಂದರೆ, ಒಂದೇ ಫೈಲ್. ಲ್ಯಾಪ್‌ಟಾಪ್‌ನಲ್ಲಿ ಕೂತೇ ಆರ್ಮ್ ಬೋರ್ಡ್‌ಗೂ ಬಿಲ್ಡ್ ಮಾಡುತ್ತೇನೆ, ಕಾಪಿ ಮಾಡುತ್ತೇನೆ, ಓಡುತ್ತದೆ. ಅಲ್ಲಿ ಗೋ ಇರಬೇಕಿಲ್ಲ, ಬೇರೇನೂ ಇರಬೇಕಿಲ್ಲ. ಈಗ ‘ಗುಡಿಸು’ ಅಂತ ಮಾತ್ರ ಹೊಡೆದರೆ ಹೆಸರು, ಇಮೇಜ್, ನಿಂತು ಎಷ್ಟು ಹೊತ್ತಾಯಿತು ಅನ್ನುವುದನ್ನು ತೋರಿಸಿ ಸುಮ್ಮನಾಗುತ್ತದೆ. ‘--ಯೆಸ್’ ಕೊಟ್ಟರೆ ಮಾತ್ರ ಅಳಿಸುತ್ತದೆ, ಅದೂ ಮೊದಲು ಸ್ಟಾಪ್ ಮಾಡಿ. ವಾಲ್ಯೂಮ್ ತಂಟೆಗೆ ಹೋಗುವುದಿಲ್ಲ. ಹೆಸರಿನ ಸಹವಾಸವನ್ನೂ ಈಚೆಗೆ ಬಿಟ್ಟಿದ್ದೇನೆ. ಕಂಟೇನರ್ ಶುರು ಮಾಡುವಾಗಲೇ ಒಂದು ಲೇಬಲ್ ಅಂಟಿಸುತ್ತೇನೆ, ಆ ಲೇಬಲ್ ಇದ್ದವು ಮಾತ್ರ ಪಟ್ಟಿಗೆ ಬರುತ್ತವೆ.

ಇದರಲ್ಲಿ ಯಾವುದಕ್ಕೂ ಗೋನೇ ಬೇಕು ಅಂತಿಲ್ಲ. ಹೆಸರಿನ ಫಿಲ್ಟರ್ ನಡೆಯುವುದು ಡಾಕರ್ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಡಾಕರ್‌ನ ಮುಖ್ಯ ಪ್ರೋಗ್ರಾಂ) ಒಳಗೆ, ಹಾಗಾಗಿ ಯಾವ ಭಾಷೆಯಿಂದ ಕೇಳಿದರೂ ಅದೇ ಗುಂಡಿಗೆ ಬೀಳಬಹುದು. ಒಂದೇ ಮೆಷಿನ್ ಇದ್ದು ಪೈಥಾನ್ ಬರುತ್ತದೆ ಅನ್ನುವವರು ಆ ಒಂದು ಸಂಜೆಯಲ್ಲೇ ಮುಗಿಸಿಕೊಳ್ಳಿ. ನಿಂತವನ್ನಷ್ಟೇ ತೆಗೆಯಬೇಕು ಅನ್ನುವವರು ಪ್ರೂನ್‌ಗೆ ಲೇಬಲ್ ಫಿಲ್ಟರ್ ಕೊಟ್ಟರೆ ಟೂಲ್ ಬರೆಯುವ ಗೋಜೇ ಇಲ್ಲ. ನನಗೆ ಎರಡು ವಾರಾಂತ್ಯ ಬಿಡುವಿತ್ತು, ನಾಲ್ಕು ಮೆಷಿನ್ ಇದ್ದವು.

ಹಳೆ ಶೆಲ್ ಸ್ಕ್ರಿಪ್ಟ್ ಇನ್ನೂ ಇದೆ. ಅದಕ್ಕಿದ್ದ ಎಕ್ಸಿಕ್ಯೂಟ್ ಪರ್ಮಿಷನ್ ಮಾತ್ರ ಕಿತ್ತುಹಾಕಿದ್ದೇನೆ. ಡೇಟಾಬೇಸ್‌ಗೆ ಈಗ ಹೆಸರಿರುವ ವಾಲ್ಯೂಮ್ ಇದೆ. ಕಂಟೇನರ್ ಹೆಸರನ್ನೂ ಬದಲಾಯಿಸಿದೆ, ಈಗ ಅದು ‘ಹೊಸ-ಡಿಬಿ’.