ಲ್ಯಾಟಿನ್ ವಾಕ್ಯ ಅಭ್ಯಾಸದ ಆ್ಯಪ್: ಮೂರು ತಿಂಗಳು ಬಳಸಿದ ಮೇಲೆ

ಮೂರು ತಿಂಗಳಿಂದ ದಿನಾ ಅರ್ಧ ಗಂಟೆ ಈ ಆ್ಯಪ್ ಜೊತೆ ಕೂರುತ್ತಿದ್ದೇನೆ. ಚಿಕ್ಕ ಲ್ಯಾಟಿನ್ ವಾಕ್ಯ ಕೊಡುತ್ತದೆ, ಅದನ್ನು ಇಂಗ್ಲಿಷಿಗೆ ತರಬೇಕು, ಆಮೇಲೆ ಉಲ್ಟಾ. ಪದಗಳ ಪಾಠ ಪರವಾಗಿಲ್ಲ. ನನಗೆ ತುಂಬಾ ಹಿಡಿಸಿದ್ದು ವಿಭಕ್ತಿಯ ಅಭ್ಯಾಸ.

'ಅಗ್ರಿಕೊಲ ಪುಯೆಲ್ಲಮ್ ಅಮತ್' ಅಂದರೆ ರೈತ ಹುಡುಗಿಯನ್ನು ಪ್ರೀತಿಸುತ್ತಾನೆ. 'ಪುಯೆಲ್ಲಮ್ ಅಗ್ರಿಕೊಲ ಅಮತ್' ಅಂದರೂ ಅದೇ ಅರ್ಥ, ಯಾಕೆಂದರೆ ಕೊನೆಯ ಆ 'ಮ್' ನಮ್ಮ 'ಅನ್ನು' ಮಾಡುವ ಕೆಲಸವನ್ನೇ ಮಾಡುತ್ತದೆ. ಆ್ಯಪ್ ಒಂದೇ ವಾಕ್ಯವನ್ನು ಹೀಗೆ ಹಿಂದೆಮುಂದೆ ಮಾಡಿ ಮತ್ತೆ ಮತ್ತೆ ಕೊಡುತ್ತದೆ, ಮೊದಲು ಬಂದ ಪದವೇ ಕರ್ತೃ ಅಂತ ಸುಮ್ನೆ ಊಹಿಸುವ ಚಾಳಿ ನನಗೆ ಒಂದೇ ವಾರದಲ್ಲಿ ಬಿಟ್ಟುಹೋಯಿತು. ಇನ್ನೊಂದು ಖುಷಿ: 'ಗ್ಲದಿಯೋ' ಅಂದರೆ ಕತ್ತಿಯಿಂದ, 'ರೋಮಾ' ಅಂದರೆ ರೋಮಿನಿಂದ. ಆಯುಧಕ್ಕೂ ಹೊರಟ ಊರಿಗೂ ಒಂದೇ ವಿಭಕ್ತಿ. ನಮ್ಮ 'ಇಂದ' ಕೂಡ ಹಾಗೇ ಅಲ್ವಾ? ಇಂಗ್ಲಿಷಿನಲ್ಲಿ ಯೋಚಿಸುವಾಗ ಗೋಜಲಾಗಿದ್ದು ಕನ್ನಡದಲ್ಲಿ ಯೋಚಿಸಿದ ಕೂಡಲೇ ಬಿಡಿಸಿಕೊಂಡಿತು.

ಈಗ ಬೇಸರದ ಮಾತು. ಸ್ವರದ ಮೇಲೆ ಎಳೆಯುವ ದೀರ್ಘದ ಗೆರೆ ಇದರಲ್ಲಿ ಎಲ್ಲೂ ಇಲ್ಲ. 'ವೆನಿತ್' ಅಂದರೆ ಬರುತ್ತಾನೆ, 'ವೇನಿತ್' ಅಂದರೆ ಬಂದನು. ಗೆರೆ ಇಲ್ಲದಿದ್ದರೆ ಎರಡೂ ಒಂದೇ ಥರ ಕಾಣುತ್ತವೆ, ನಾನು 'ಬಂದನು' ಅಂತ ಬರೆದರೆ ತಪ್ಪು ಅನ್ನುತ್ತದೆ. ಇದು ಅನ್ಯಾಯ. ಲ್ಯಾಟಿನ್‌ನಲ್ಲಿ 'ಎ', 'ದಿ' ಥರದ ಪದಗಳೇ ಇಲ್ಲ, ಆದರೂ 'ದಿ' ಬದಲು 'ಎ' ಹಾಕಿದ್ದಕ್ಕೆ ಎಷ್ಟೋ ಸಲ ಅಂಕ ಹೋಗಿದೆ.

ಅದಕ್ಕಿಂತ ದೊಡ್ಡ ಕೊರತೆ ಅಂದರೆ ಯಾಕೆ ತಪ್ಪು ಅಂತ ಹೇಳುವುದೇ ಇಲ್ಲ. 'ಪುಯೆಲ್ಲೈ' ಅನ್ನುವ ಒಂದೇ ರೂಪ ಹುಡುಗಿಯ, ಹುಡುಗಿಗೆ, ಹುಡುಗಿಯರು ಮೂರೂ ಆಗಬಹುದು. ಕ್ರಿಯಾಪದ 'ಅಮತ್' ಇದ್ದರೆ ಕರ್ತೃ ಏಕವಚನ, 'ಅಮಂತ್' ಇದ್ದರೆ ಬಹುವಚನ, ಅದನ್ನು ನೋಡಿ ಎಷ್ಟೋ ಸಲ ಬಗೆಹರಿಸಬಹುದು ಅನ್ನುವ ಒಂದು ಸಾಲಿನ ಸುಳಿವು ಕೊಟ್ಟಿದ್ದರೆ ಸಾಕಿತ್ತು. ನಾನು ಬೇರೆ ಕಡೆ ಓದಿ ತಿಳಿದುಕೊಂಡೆ.

ನಾಮಪದದ 5 ಗುಂಪುಗಳಲ್ಲಿ ಮೊದಲ ಎರಡನ್ನಾದರೂ ಕಲಿತವರು ಧಾರಾಳವಾಗಿ ತಗೊಳ್ಳಿ. ಏನೂ ಗೊತ್ತಿಲ್ಲದೆ ಇದರಿಂದಲೇ ಶುರು ಮಾಡುವವರಿಗೆ ನಾನು ಹೇಳುವುದಿಲ್ಲ. ನಾನಂತೂ ವಿಭಕ್ತಿ ಪಟ್ಟಿಯನ್ನು ಕೈಯಲ್ಲೇ ಬರೆದು ಪಕ್ಕದಲ್ಲಿ ಇಟ್ಟುಕೊಂಡೇ ಕೂರುತ್ತೇನೆ.