‘ಚಿಯೆನ್‌ಲಾಂಗ್ ಕಾಲದ’ ಚೀನೀ ಕತ್ತಿ ಕೊಳ್ಳುವ ಮುಂಚೆ ಇದನ್ನು ಓದಿ

ಇಂಗ್ಲೆಂಡಿನಲ್ಲಿ ಹಳೆ ಆಯುಧ ಕೊಳ್ಳುವ ಕನ್ನಡದವರಿದ್ದರೆ ದಯವಿಟ್ಟು ಓದಿ. ಕೈ ಸುಟ್ಟುಕೊಂಡಿದ್ದೇನೆ. ಹೇಳಿಕೊಳ್ಳೋಕೂ ನಾಚಿಕೆ.

ನಾನು ಕೊಂಡಿದ್ದು ‘ಜಿಯೆನ್’, ಎರಡೂ ಕಡೆ ಹರಿತವಿರುವ ನೇರ ಕತ್ತಿ. ‘ಚಿಯೆನ್‌ಲಾಂಗ್ ಚಕ್ರವರ್ತಿ ಕಾಲದ್ದು (1736–1795). ಹಿಡಿ, ಒರೆಯ ಹಿತ್ತಾಳೆ ಸಾಮಾನೆಲ್ಲ ಮೂಲದ್ದೇ, ಕೈಯಾರೆ ಕೆತ್ತಿದ್ದು. 1900ರ ಬಾಕ್ಸರ್ ದಂಗೆಯಲ್ಲಿ ಬೀಜಿಂಗಿನಿಂದ ಬಂದಿದ್ದು’ ಅಂತ ಮಾರುವವರು ಜಾಹೀರಾತಿನಲ್ಲಿ ಬರೆದಿದ್ದರು. ವಿದೇಶಿಯರ ವಿರುದ್ಧ ಎದ್ದ ಆ ದಂಗೆಯನ್ನು ಅಡಗಿಸಲು ಬಂದ ವಿದೇಶಿ ಸೈನ್ಯಗಳು ಆ ವರ್ಷ ಬೀಜಿಂಗ್ ಲೂಟಿ ಮಾಡಿದ್ದು ನಿಜ, ಅಲ್ವಾ? ಆ ಒಂದು ನಿಜದ ಹಿಂದೆ ಸುಳ್ಳೆಲ್ಲ ಅಡಗಿಸಿದ್ದರು.

ಕತ್ತಿಯನ್ನು ಸೊಂಟಕ್ಕೆ ನೇತುಹಾಕಲು ಒರೆಗೆ ಎರಡು ಹಿತ್ತಾಳೆ ಪಟ್ಟಿ ಇರುತ್ತವೆ. ನನ್ನದರಲ್ಲಿ ಎರಡರ ಮೇಲೂ ಡ್ರ್ಯಾಗನ್. ಭೂತಗನ್ನಡಿ ಹಿಡಿದೆ. ಮೊದಲನೆಯದರಲ್ಲಿ ಡ್ರ್ಯಾಗನ್ನಿನ ಎಡಗಣ್ಣಿನ ಕೆಳಗೆ ಸಾಸಿವೆಯಷ್ಟು ಗುಳಿ. ಎರಡನೆಯದರಲ್ಲೂ ಎಡಗಣ್ಣಿನ ಕೆಳಗೇ ಗುಳಿ. ಅದೇ ಅಳತೆ, ಅದೇ ಆಕಾರ. ಎದೆ ಧಸಕ್ಕೆಂದಿತು. ಎರಡೂ ಒಂದೇ ಅಚ್ಚಿನ ಎರಕ! ಕೈಯಾರೆ ಕೆತ್ತಿದರೆ ಒಂದೇ ಗುಳಿ ಎರಡು ಕಡೆ ಹೇಗೆ ಬರುತ್ತೆ?

ಹಿಡಿಯ ತುದಿಯ ಟೋಪಿ ತಿರುಗಿಸಿದೆ. ಒಳಗೆ ಆರು ಮೂಲೆಯ ನಟ್ಟು. ನಟ್ಟು! ಹಳೆ ಕತ್ತಿಗಳಲ್ಲಿ ಅಲಗಿನ ಬಾಲವನ್ನು (ಹಿಡಿಯೊಳಗೆ ಹೋಗುವ ಭಾಗ) ಹಿಡಿಯ ತುದಿಯಿಂದ ಹೊರಗೆ ತಂದು, ಸುತ್ತಿಗೆಯಲ್ಲಿ ಬಡಿದು ಕೂರಿಸಿರುತ್ತಾರೆ. ಅಲಗಿನ ಮೇಲೆ ಏಳು ನಕ್ಷತ್ರದ ಹಿತ್ತಾಳೆ ಚುಕ್ಕಿ ಬೇರೆ. ಲಾಂಗ್‌ಚ್ಯುವಾನ್ ಊರಿನ ಕತ್ತಿಗಳಲ್ಲಿ ಇದು ಮಾಮೂಲಿ, 1912ರಲ್ಲಿ ಚಿಂಗ್ ರಾಜವಂಶದ (ಚಿಯೆನ್‌ಲಾಂಗ್‌ನ ವಂಶ) ಆಳ್ವಿಕೆ ಮುಗಿದ ಮೇಲೂ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಅದನ್ನು ನೋಡಿ ಕಾಲ ಹೇಳೋಕಾಗಲ್ಲ.

ಮೇಲ್ ಹಾಕಿದೆ. ಮೊದಲ ಉತ್ತರ: ‘ಹಿಡಿ ಆಮೇಲೆ ರಿಪೇರಿ ಆಗಿರಬಹುದು.’ ಹಳೆ ಅಲಗಿಗೆ ಹೊಸ ಹಿಡಿ ಹಾಕಿಸುವುದು ಇದ್ದದ್ದೇ. ಹಾಗಾದರೆ ‘ಎಲ್ಲ ಮೂಲದ್ದೇ’ ಅಂದಿದ್ಯಾಕೆ? ಎರಡನೇ ಉತ್ತರ: ‘ನಾವು ಹೇಳಿದ್ದು ಚಿಯೆನ್‌ಲಾಂಗ್ ಶೈಲಿ ಅಂತ.’ ಹೋಗಿ ನೋಡಿದರೆ ಜಾಹೀರಾತಿನಲ್ಲಿ ‘ಕಾಲದ್ದು’ ಮಾಯ, ‘ಶೈಲಿ’ ಹಾಜರ್! ರಾತ್ರೋರಾತ್ರಿ! ಮೂರನೆಯದಂತೂ ಕೇಳಲೇಬೇಡಿ: ‘ಟೋಪಿ ಬಿಚ್ಚಿದ್ದೀರಿ, ಇನ್ನು ವಾಪಸ್ ತಗೊಳ್ಳಲ್ಲ.’ ಬಿಚ್ಚದಿದ್ದರೆ ನಟ್ಟು ಕಾಣಲ್ಲ, ಬಿಚ್ಚಿದರೆ ದುಡ್ಡು ಬರಲ್ಲ. ಎಂಥಾ ಲೆಕ್ಕ ನೋಡಿ.

ಹಿಡಿಯ ತುದಿಯದು, ಪಟ್ಟಿಗಳ ಒಳಮೈಯದು ಫೋಟೋ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಜಾಹೀರಾತಿನ ಸ್ಕ್ರೀನ್‌ಶಾಟ್ ದುಡ್ಡು ಕಟ್ಟುವ ಮೊದಲೇ ತೆಗೆದಿಡಿ. ಅಲಗು ಹಳೆಯದು ಅಂದಮಾತ್ರಕ್ಕೆ ಹಿಡಿಯೂ ಹಳೆಯದು ಅಂತ ನಂಬಬೇಡಿ. ಡ್ರ್ಯಾಗನ್ ತೋರಿಸಿ ಕಾಲ ಹೇಳುವವರ ಸಹವಾಸವೇ ಬೇಡ. ಚೀನಾದಲ್ಲಿ ಡ್ರ್ಯಾಗನ್ ಯಾವ ಕಾಲದಲ್ಲಿ ಇರಲಿಲ್ಲ?

ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ. ಆ ಮಹಾಶಯರು ಈಗ ಫೋನೇ ಎತ್ತುತ್ತಿಲ್ಲ. ಕತ್ತಿಯ ಜಾಹೀರಾತು ಮಾತ್ರ ಇನ್ನೂ ಇದೆ, ಅದೇ ಫೋಟೋ, ‘ಸ್ಟಾಕ್ ಇದೆ’ ಅಂತ.